ನಡಿಗೆ ಸರಿಯಾಯಿತು, ಜನರ ಅಂದಾಜು ತಪ್ಪುತ್ತಿದೆ: ಕಿರುಮೆದುಳು ಕಾರಣವಾ?

ಪ್ರಶ್ನೆ: ಡಾಕ್ಟ್ರೇ, ನಮ್ಮ ಅಪ್ಪನಿಗೆ 63 ವರ್ಷ. ಕಾಪು ಪೇಟೆಯಲ್ಲಿ ಜಿನಸಿನ ಅಂಗಡಿ. ಹೋದ ಮಳೆಗಾಲದಲ್ಲಿ ಕಿರುಮೆದುಳಿಗೆ ಸ್ಟ್ರೋಕ್ ಆಯಿತು. ತಲೆ ತಿರುಗಿ ವಾಂತಿ ಆಗಿ, ಆಮೇಲೆ ಕೆಲವು ವಾರ ಗೋಡೆ ಹಿಡಿಯದೆ ನಡೆಯಲು ಆಗುತ್ತಿರಲಿಲ್ಲ. ಈಗ ಚೆನ್ನಾಗಿ ನಡೆಯುತ್ತಾರೆ, ಅಂಗಡಿಗೆ ಹೋಗುತ್ತಾರೆ. ಲೆಕ್ಕದಲ್ಲಿ ಒಂದು ರೂಪಾಯಿ ಹೆಚ್ಚುಕಮ್ಮಿ ಇಲ್ಲ. ಆದರೆ ಜನರ ಜೊತೆ ಮೊದಲಿನ ಹಾಗಿಲ್ಲ. ಸಾಲ ಕೇಳಲು ಬಂದವರು ಊರಿನ ಸುದ್ದಿ ಶುರು ಮಾಡಿದರೆ ಸಾಕು, ಮೊದಲೆಲ್ಲ ಅಪ್ಪನೇ "ಬರೆದುಕೊಳ್ತೇನೆ, ತಕ್ಕೊಂಡು ಹೋಗಿ" ಎನ್ನುತ್ತಿದ್ದರು. ಮೊನ್ನೆ ಒಬ್ಬ ಹೆಂಗಸಿಗೆ ಎಲ್ಲರ ಎದುರು "ದುಡ್ಡು ಇಲ್ವಾ?" ಎಂದು ಕೇಳಿಬಿಟ್ಟರು. ಸಾವಿನ ಮನೆಗೆ ಹೋಗಿ ಜಾಗದ ರೇಟು ವಿಚಾರಿಸಿದರು. ಅಣ್ಣ ತಮಾಷೆ ಮಾಡಿದರೆ ಸಿಟ್ಟು. ಬೇಕಂತಲೇ ಹೀಗೆ ಮಾಡ್ತಾರೆ ಎಂದು ಅಣ್ಣ ಹೇಳುತ್ತಾನೆ, ವಯಸ್ಸಾಯಿತು ಎಂದು ಅಮ್ಮ. ಕಿರುಮೆದುಳು ಬ್ಯಾಲೆನ್ಸಿಗೆ ಮಾತ್ರ, ಅದಕ್ಕೂ ಇದಕ್ಕೂ ಸಂಬಂಧ ಇಲ್ಲ ಎಂದು ಇಲ್ಲಿಯ ಡಾಕ್ಟರು ಹೇಳಿದರು. ವಿಚಿತ್ರ ಅಂದರೆ, ರಾತ್ರಿ ಊಟದ ಹೊತ್ತಿಗೆ ನಿಧಾನ ಕೇಳಿದರೆ "ಪಾಪ, ಅವಳಿಗೆ ಕೇಳಲು ನಾಚಿಕೆ ಆಗಿರಬೇಕು" ಎಂದು ಅಪ್ಪನೇ ಹೇಳುತ್ತಾರೆ. ಇದಕ್ಕೆ ಸ್ಟ್ರೋಕ್ ಕಾರಣವಾ? ಅವರನ್ನು ಅಂಗಡಿಯಲ್ಲಿ ಕೂರಿಸಬಹುದಾ? ಇದನ್ನೆಲ್ಲ ಅವರಿಗೆ ಹೇಳಬೇಕಾ?

ಉತ್ತರ: ರಾತ್ರಿ ಊಟದ ಮಾತನ್ನು ನೀವು ಕೊನೆಗೆ ಸುಮ್ನೆ ಸೇರಿಸಿದ ಹಾಗೆ ಬರೆದಿದ್ದೀರಿ. ನನಗೆ ಅದೇ ಮುಖ್ಯ. ಆ ಹೆಂಗಸಿಗೆ ಸಂಕೋಚ ಇತ್ತು ಎಂಬುದು ನಿಮ್ಮ ಅಪ್ಪನಿಗೆ ಗೊತ್ತಾಗುತ್ತದೆ. ಅಂಗಡಿಯಲ್ಲಿ, ಆ ಹೊತ್ತಿಗೆ ಗೊತ್ತಾಗಲಿಲ್ಲ, ಅಷ್ಟೆ. ಅಂದರೆ ಜನರನ್ನು ಅರ್ಥ ಮಾಡಿಕೊಳ್ಳುವ ಶಕ್ತಿ ಹೋಗಿಲ್ಲ. ಬೇಕಾದ ಹೊತ್ತಿಗೆ ಅದು ಕೈಗೆ ಸಿಗುತ್ತಿಲ್ಲ. ಬೇಕಂತಲೇ ಮಾಡುವವರು ರಾತ್ರಿ ಕೇಳಿದಾಗ ತಮ್ಮನ್ನೇ ಸಮರ್ಥಿಸಿಕೊಳ್ಳುತ್ತಾರೆ. ನಿಮ್ಮ ಅಪ್ಪ ಹಾಗೆ ಮಾಡುತ್ತಿಲ್ಲ, ಅಲ್ವಾ?

ಸ್ಕ್ಯಾನ್ ನೋಡದೆ, ಅವರನ್ನು ಮಾತಾಡಿಸದೆ "ಇದೇ ಕಾರಣ" ಎಂದು ನಾನು ಹೇಳುವುದಿಲ್ಲ. ಆದರೆ ಕಿರುಮೆದುಳಿಗೂ ಇದಕ್ಕೂ ಸಂಬಂಧವೇ ಇಲ್ಲ ಎನ್ನುವ ಕಾಲ ಮುಗಿದಿದೆ.

ನಿಮ್ಮ ಡಾಕ್ಟರನ್ನು ದೂರಬೇಡಿ. ನಾವೆಲ್ಲ ಓದಿದ್ದೇ ಹಾಗೆ. 1824ರಲ್ಲಿ ಫ್ರಾನ್ಸಿನ ಪಿಯೆರ್ ಫ್ಲೂರಾನ್ಸ್ ತನ್ನ ಪ್ರಯೋಗಗಳನ್ನು ಪ್ರಕಟಿಸಿದ. ಕಿರುಮೆದುಳು ತೆಗೆದ ಹಕ್ಕಿಗಳು ಚಲಿಸುತ್ತವೆ, ಆದರೆ ಆ ಚಲನೆಗೆ ಹೊಂದಾಣಿಕೆ ಇರುವುದಿಲ್ಲ ಎಂದು ತೋರಿಸಿದ. ಮೊದಲ ಮಹಾಯುದ್ಧದಲ್ಲಿ ತಲೆಗೆ ಗುಂಡು ತಾಗಿದ ಸೈನಿಕರನ್ನು ಪರೀಕ್ಷಿಸಿ ಗೋರ್ಡನ್ ಹೋಮ್ಸ್ ಬರೆದದ್ದೂ ಅದನ್ನೇ: ಕೈ ಗುರಿ ದಾಟುತ್ತದೆ, ಕಾಲು ವಾಲುತ್ತದೆ, ಮಾತು ತೊದಲುತ್ತದೆ. ಎಲ್ಲವೂ ನಿಜ. ಕಣ್ಣಿಗೆ ಕಾಣುವುದನ್ನು ಅವರು ನೋಡಿದರು. ಸೈನಿಕನಿಗೆ ತಮಾಷೆ ಅರ್ಥವಾಗುತ್ತದೋ ಇಲ್ಲವೋ ಎಂದು ಯುದ್ಧದ ಆಸ್ಪತ್ರೆಯಲ್ಲಿ ಯಾರು ಕೇಳುತ್ತಾರೆ?

ಕಿರುಮೆದುಳು ತಲೆಯ ಹಿಂಬದಿಯಲ್ಲಿ, ಕುತ್ತಿಗೆಗೆ ಸ್ವಲ್ಪ ಮೇಲೆ ಇರುತ್ತದೆ. ತೂಕ ಸುಮಾರು 150 ಗ್ರಾಂ, ಇಡೀ ಮೆದುಳಿನ ಹತ್ತರಲ್ಲಿ ಒಂದು ಪಾಲು. ಆದರೆ ಮನುಷ್ಯನ ಮೆದುಳಿನ ಸುಮಾರು 8,600 ಕೋಟಿ ನರಕೋಶಗಳಲ್ಲಿ 6,900 ಕೋಟಿಯಷ್ಟು ಇಲ್ಲಿಯೇ ಇವೆ. 2009ರಲ್ಲಿ ಬ್ರೆಜಿಲಿನ ಸುಜಾನಾ ಹರ್ಕುಲಾನೊ-ಹೌಝೆಲ್ ಮತ್ತು ಜೊತೆಗಾರರು ಈ ಲೆಕ್ಕ ಕೊಟ್ಟರು. ನೆಟ್ಟಗೆ ನಡೆಯಲು ಮಾತ್ರ ಇಷ್ಟೊಂದು ಕೋಶ ಯಾಕೆ?

ಇದಕ್ಕೆ ಮೊದಲೇ ಒಂದು ಸುಳಿವು ಸಿಕ್ಕಿತ್ತು. 1994ರಲ್ಲಿ ಫ್ರಾಂಕ್ ಮಿಡಲ್ಟನ್ ಮತ್ತು ಪೀಟರ್ ಸ್ಟ್ರಿಕ್ ಮಂಗಗಳ ಮೆದುಳಿನಲ್ಲಿ ವೈರಸ್ ಬಳಸಿ ನರಗಳ ದಾರಿ ಹುಡುಕಿದರು. ಕಿರುಮೆದುಳಿನಿಂದ ಹೊರಟ ದಾರಿ ಕೈಕಾಲು ನಡೆಸುವ ಜಾಗಕ್ಕೆ ಮಾತ್ರ ಹೋಗುತ್ತಿರಲಿಲ್ಲ. ಹಣೆಯ ಹಿಂದಿರುವ, ಯೋಚನೆಗೆ ಸಂಬಂಧಿಸಿದ ಭಾಗಕ್ಕೂ ಹೋಗುತ್ತಿತ್ತು. 2011ರಲ್ಲಿ ರ್‍ಯಾಂಡಿ ಬಕ್ನರ್ ತಂಡ 1,000 ಜನರ ಸ್ಕ್ಯಾನ್ ಸೇರಿಸಿ ಮನುಷ್ಯನ ಕಿರುಮೆದುಳಿನ ನಕ್ಷೆ ಮಾಡಿತು. ಅದರ ಹೆಚ್ಚಿನ ಭಾಗ ಜೋಡಿಕೊಂಡಿರುವುದು ಕೈಕಾಲಿನ ಜೊತೆ ಅಲ್ಲ. ಯೋಚನೆ, ಭಾಷೆ, ಬೇರೆಯವರ ಮನಸ್ಸಿನ ಬಗ್ಗೆ ಊಹೆ, ಇವೆಲ್ಲ ನಡೆಯುವ ದೊಡ್ಡ ಮೆದುಳಿನ ಜಾಗಗಳ ಜೊತೆ.

ಹಾಗಾದರೆ ಅದು ಅಲ್ಲಿ ಮಾಡುವುದು ಏನು?

ರಾತ್ರಿ ಕರೆಂಟ್ ಹೋದಾಗ ಮೆಟ್ಟಿಲು ಇಳಿಯುತ್ತೀರಿ. ಮೆಟ್ಟಿಲು ಮುಗಿದಿದೆ, ನೀವು ಇನ್ನೊಂದು ಇದೆ ಎಂದುಕೊಂಡು ಕಾಲಿಡುತ್ತೀರಿ. ಎದೆ ಧಸಕ್ ಎನ್ನುತ್ತದೆ. ನೆಲ ಎಷ್ಟು ಕೆಳಗೆ ಸಿಗಬೇಕು ಎಂದು ದೇಹ ಮೊದಲೇ ಅಂದಾಜು ಹಾಕಿತ್ತು, ಅದು ತಪ್ಪಿತು. ಇಂಥ ಅಂದಾಜು ಹಾಕುವುದು, ಸಿಕ್ಕಿದ ಫಲದ ಜೊತೆ ಹೋಲಿಸುವುದು, ತಪ್ಪಿದ್ದರೆ ಮುಂದಿನ ಸಲಕ್ಕೆ ತಿದ್ದಿಕೊಳ್ಳುವುದು, ಇದರಲ್ಲಿ ಕಿರುಮೆದುಳಿನ ಪಾಲು ಬಹಳ ದೊಡ್ಡದು. ಅಲ್ಲಿ ಪುರ್ಕಿಂಜೆ ಕೋಶ ಎಂಬ ದೊಡ್ಡ ನರಕೋಶಗಳಿವೆ. 1837ರಲ್ಲಿ ಅವನ್ನು ವಿವರಿಸಿದ ಯಾನ್ ಪುರ್ಕಿಂಜೆಯ ಹೆಸರೇ ಅವಕ್ಕೆ ಬಂತು. ಒಂದೊಂದು ಕೋಶಕ್ಕೂ ಲಕ್ಷಕ್ಕಿಂತ ಜಾಸ್ತಿ ತೆಳು ನರತಂತುಗಳಿಂದ ಸುದ್ದಿ ಬರುತ್ತದೆ: ಈಗ ಏನು ನಡೀತಾ ಇದೆ, ಸುತ್ತ ಏನಿದೆ. ಇದರ ಜೊತೆಗೆ ಒಂದೇ ಒಂದು ಗಟ್ಟಿ ತಂತು ಬೇರೆ ಕಡೆಯಿಂದ ಬಂದು ಕೋಶವನ್ನು ಬಳ್ಳಿ ಹಾಗೆ ಸುತ್ತಿಕೊಂಡಿರುತ್ತದೆ. "ಅಂದಾಜು ತಪ್ಪಿತು" ಎಂಬ ಸುದ್ದಿ ತರುವುದು ಇದು ಎಂದು 1969ರಲ್ಲಿ ಡೇವಿಡ್ ಮಾರ್, 1971ರಲ್ಲಿ ಜೇಮ್ಸ್ ಆಲ್ಬಸ್ ಬರೆದ ಸಿದ್ಧಾಂತಗಳಿಂದ ಬೆಳೆದ ವಿಚಾರ. ಆ ಸುದ್ದಿ ಬಂದಾಗ ಕೋಶದ ಜೋಡಣೆಗಳ ಬಲ ಕಡಿಮೆಯಾಗುತ್ತದೆ ಎಂದು ಜಪಾನಿನ ಮಸಾವೊ ಇತೊ 1982ರಲ್ಲಿ ತೋರಿಸಿದರು. ಕಿರುಮೆದುಳು ಇದೊಂದರಿಂದಲೇ ಕಲಿಯುತ್ತದೆ ಎನ್ನುವುದನ್ನು ಈಗ ಎಲ್ಲರೂ ಒಪ್ಪುವುದಿಲ್ಲ, ಆದರೆ ತಪ್ಪಿನಿಂದ ಕಲಿಯುತ್ತದೆ ಎಂಬ ಮೂಲ ಮಾತು ನಿಂತಿದೆ.

ನಮ್ಮ ಕಚಗುಳಿ ನಮಗೆ ಯಾಕೆ ಆಗುವುದಿಲ್ಲ? ಅದಕ್ಕೂ ಇದೇ ಉತ್ತರ. 1998ರಲ್ಲಿ ಲಂಡನ್ನಿನ ಸಾರಾ-ಜೇನ್ ಬ್ಲೇಕ್‌ಮೋರ್, ಡೇನಿಯಲ್ ವೋಲ್ಪರ್ಟ್, ಕ್ರಿಸ್ ಫ್ರಿತ್ ಇದನ್ನೇ ಸ್ಕ್ಯಾನಿನಲ್ಲಿ ನೋಡಿದರು. ನಮ್ಮ ಕೈ ಎಲ್ಲಿ ತಾಗುತ್ತದೆ ಎಂದು ಕಿರುಮೆದುಳು ಮುಂಚೆಯೇ ಹೇಳಿರುತ್ತದೆ, ಹಾಗಾಗಿ ಮೆದುಳು ಆ ಸ್ಪರ್ಶವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದು ಕಡಿಮೆ. ಬೇರೆಯವರ ಬೆರಳಾದರೆ ಅಂದಾಜು ಸಿಗುವುದಿಲ್ಲ, ನಗು ತಡೆಯಲಾಗುವುದಿಲ್ಲ.

ಈಗ ನಿಮ್ಮ ಅಂಗಡಿಗೆ ಬನ್ನಿ. ಕಿರುಮೆದುಳಿನ ಒಂದು ಮೂಲೆಯ ರಚನೆಗೂ ಇನ್ನೊಂದು ಮೂಲೆಯ ರಚನೆಗೂ ಹೆಚ್ಚು ವ್ಯತ್ಯಾಸ ಇಲ್ಲ. ಬೇರೆಯಾಗುವುದು ಯಾವ ಮೂಲೆ ದೊಡ್ಡ ಮೆದುಳಿನ ಯಾವ ಭಾಗಕ್ಕೆ ಜೋಡಿಸಿದೆ ಎನ್ನುವುದು. ಹಾಗಿದ್ದರೆ ಕೈಕಾಲಿಗೆ ಅಂದಾಜು ಹಾಕುವ ಅದೇ ಯಂತ್ರ, ಬೇರೆ ಮೂಲೆಯಲ್ಲಿ, ಎದುರಿನವರ ಮುಂದಿನ ಮಾತಿಗೂ ಅಂದಾಜು ಹಾಕಬಹುದು. ಸಂಶೋಧಕರು ಹೇಳುತ್ತಿರುವುದು ಇದನ್ನೇ, ನನಗೂ ಇದು ಒಪ್ಪುವ ಮಾತು. ಬೆಲ್ಜಿಯಂನ ಫ್ರಾಂಕ್ ವಾನ್ ಓವರ್‌ವಾಲೆ ಮತ್ತು ಜೊತೆಗಾರರು 2014ರಲ್ಲಿ 350ಕ್ಕೂ ಹೆಚ್ಚು ಸ್ಕ್ಯಾನ್ ಅಧ್ಯಯನಗಳನ್ನು ಒಟ್ಟು ಹಾಕಿ ನೋಡಿದರು. ಜನರ ಸ್ವಭಾವ ಹೇಳುವಾಗ, ಆಗದಿರುವುದನ್ನು ಊಹಿಸುವಾಗ, ಹಿಂದಿನದ್ದು ಮುಂದಿನದ್ದು ಯೋಚಿಸುವಾಗ ಕಿರುಮೆದುಳಿನ ಪಾಲು ಹೆಚ್ಚು ಕಂಡಿತು. ಇಂಥ ಕೆಲಸಕ್ಕೆ ಹಿಂಬದಿಯ ಕ್ರಸ್ 1, ಕ್ರಸ್ 2 ಎಂಬ ಭಾಗಗಳ ಹೆಸರು ಮತ್ತೆ ಮತ್ತೆ ಬರುತ್ತದೆ.

ಅವರೇ 2019ರಲ್ಲಿ ಮಾಡಿದ ಒಂದು ಸಣ್ಣ ಅಧ್ಯಯನ ನಿಮ್ಮ ಅಪ್ಪನ ವಿಷಯಕ್ಕೆ ಇನ್ನೂ ಹತ್ತಿರ. ಕಿರುಮೆದುಳಿಗೆ ಹಾನಿಯಾದವರಿಗೆ ಚಿತ್ರಗಳನ್ನು ಕೊಟ್ಟು, ಕಥೆಯ ಕ್ರಮದಲ್ಲಿ ಜೋಡಿಸಿ ಎಂದರು. ಅಂಗಡಿಗೆ ಹೋಗಿ ಸಾಮಾನು ತರುವಂಥ ದಿನನಿತ್ಯದ ಕ್ರಮ ಅವರಿಗೆ ಕಷ್ಟವಾಗಲಿಲ್ಲ. ಒಬ್ಬನಿಗೆ ಗೊತ್ತಿಲ್ಲದ ಹಾಗೆ ಏನೋ ಬದಲಾಗಿ, ಅವನು ತಪ್ಪು ನಂಬಿಕೆಯಿಂದ ಮುಂದೆ ಹೋಗುವ ಕಥೆಯಲ್ಲಿ ಎಡವಿದರು. ಯಾರಿಗೆ ಏನು ಗೊತ್ತು, ಯಾರಿಗೆ ಗೊತ್ತಿಲ್ಲ, ಆದ್ದರಿಂದ ಮುಂದೆ ಏನು ಮಾಡುತ್ತಾರೆ ಎಂಬ ಸರಣಿ ಹಿಡಿಯುವುದು ಅವರಿಗೆ ಕಷ್ಟವಾಯಿತು.

ನಮ್ಮ ಕಡೆ ಸಾಲ ಕೇಳುವುದು ಹೇಗೆ ಎಂದು ನಿಮಗೆ ಗೊತ್ತಲ್ಲ. ಯಾರೂ ಬಂದ ಕೂಡಲೇ ಕೇಳುವುದಿಲ್ಲ. ಮೊದಲು ಮಳೆ. ಆಮೇಲೆ ಮೀನಿನ ರೇಟು. ಆಮೇಲೆ ಮಗಳ ಕಾಲೇಜು ಫೀಸು. ಅಷ್ಟು ಹೊತ್ತಿಗೆ ಎರಡು ಕೆ.ಜಿ. ಬದಲು ಒಂದು ಕೆ.ಜಿ. ಕುಚ್ಚಲಕ್ಕಿ ಎನ್ನುತ್ತಾರೆ, ಚೀಲವನ್ನು ಕೈಯಲ್ಲಿ ತಿರುಗಿಸುತ್ತಾ ನಿಲ್ಲುತ್ತಾರೆ. ಹಳೆ ಧಣಿಗೆ ಫೀಸಿನ ಮಾತಿಗೇ ಗೊತ್ತಾಗಿಬಿಡುತ್ತದೆ. ಇದರಲ್ಲಿ ಯಾವ ಒಂದು ಮಾತೂ "ನನ್ನ ಹತ್ತಿರ ದುಡ್ಡಿಲ್ಲ" ಎಂದು ಹೇಳುವುದಿಲ್ಲ. ಹೇಳುವುದು ಅವುಗಳ ಕ್ರಮ. ಅದೂ ಹಿಂದೆ ಮೂರು ಜನ ಕಾಯುತ್ತಿರುವಾಗ, ತಕ್ಕಡಿ ಮೇಲೆ ಕಣ್ಣಿಟ್ಟುಕೊಂಡು, ಫೋನ್ ಹೊಡೆದುಕೊಳ್ಳುತ್ತಿರುವಾಗ ಹಿಡಿಯಬೇಕು. ಮೂವತ್ತು ವರ್ಷ ಇದನ್ನು ಯೋಚಿಸದೇ ಮಾಡಿದ ಮನುಷ್ಯ ಈಗ ಯೋಚಿಸಿ ಮಾಡಬೇಕಾಗಿದೆ. ಯೋಚಿಸಿದರೆ ಉತ್ತರ ಬರುತ್ತದೆ, ಆದರೆ ರಾತ್ರಿ ಊಟಕ್ಕೆ ಬರುತ್ತದೆ.

ಲೆಕ್ಕ ಯಾಕೆ ತಪ್ಪುವುದಿಲ್ಲ ಎನ್ನುವುದೂ ಇದರಲ್ಲೇ ಇದೆ. ಬರೆದಿಟ್ಟ ಲೆಕ್ಕ ಓಡಿಹೋಗುವುದಿಲ್ಲ. ಕೂಡಿ ಮುಗಿಯುವ ತನಕ ಕಾಯುತ್ತದೆ. ಮನುಷ್ಯರು ಕಾಯುವುದಿಲ್ಲ.

ತಮಾಷೆಗೆ ಸಿಟ್ಟು ಬರುವುದು ಕೂಡ ಇದೇ ಕಥೆ ಇರಬಹುದು. ತಮಾಷೆ ಅಂದರೆ ಒಂದು ಅಂದಾಜು ಕಟ್ಟಿ ಬೇಕೆಂದೇ ಅದನ್ನು ತಪ್ಪಿಸುವುದು. ಅಂದಾಜೇ ಕಟ್ಟದವರಿಗೆ ಉಳಿಯುವುದು ಮಾತಿನ ನೇರ ಅರ್ಥ. ಅದು ಹೆಚ್ಚಾಗಿ ಅವಮಾನದ ಹಾಗೇ ಕೇಳುತ್ತದೆ. ಅಣ್ಣನಿಗೆ ಇದನ್ನು ಹೇಳಿ.

ಒಂದು ಎಚ್ಚರಿಕೆ. "ಜನರನ್ನು ಓದುವ ಕೇಂದ್ರ ಕಿರುಮೆದುಳು" ಎಂದು ನಾಳೆ ವಾಟ್ಸ್ಆ್ಯಪಿನಲ್ಲಿ ಬಂದರೆ ನಂಬಬೇಡಿ. ಬೇರೆಯವರ ಮನಸ್ಸನ್ನು ಊಹಿಸುವ ದೊಡ್ಡ ಕೆಲಸ ನಡೆಯುವುದು ದೊಡ್ಡ ಮೆದುಳಿನಲ್ಲಿ, ಹಣೆಯ ಹಿಂದೆ ನಡುಭಾಗದಲ್ಲಿ ಮತ್ತು ಕಿವಿಯ ಮೇಲ್ಗಡೆ ಹಿಂಬದಿಯ ಜಾಗದಲ್ಲಿ. ಅಲ್ಲಿ ಪೆಟ್ಟಾದರೆ ಇದಕ್ಕಿಂತ ದೊಡ್ಡ ಬದಲಾವಣೆ ಕಾಣಬಹುದು. ಕಿರುಮೆದುಳಿನದ್ದು ಚುರುಕು ಕೊಡುವ, ತಿದ್ದುವ ಕೆಲಸ. ಹಾಗಂತ ಅದರ ಪಾಲು ನೆಪಮಾತ್ರವೂ ಅಲ್ಲ. 2019ರಲ್ಲಿ ಅಮೆರಿಕದಲ್ಲಿ ಕಮ್ರಾನ್ ಖೊದಾಖಾ ಅವರ ಪ್ರಯೋಗಾಲಯ ಇಲಿಗಳಲ್ಲಿ ಕಿರುಮೆದುಳಿನಿಂದ ಮೆದುಳಿನ ಖುಷಿಯ ವ್ಯವಸ್ಥೆಗೆ ಹೋಗುವ ನೇರ ದಾರಿಯೊಂದನ್ನು ತೋರಿಸಿತು. ಆ ದಾರಿ ಮುಚ್ಚಿದಾಗ ಇಲಿಗೆ ಇನ್ನೊಂದು ಇಲಿ ಇರುವ ಕೋಣೆಯ ಕಡೆಗಿದ್ದ ಒಲವು ಹೋಯಿತು. ಆದರೆ ಅದೇ ದಾರಿಯನ್ನು ಜೋರಾಗಿ ಚಾಲೂ ಮಾಡಿದ ಮಾತ್ರಕ್ಕೆ ಇಲಿ ಹೆಚ್ಚು ಸ್ನೇಹದ್ದಾಗಲಿಲ್ಲ. ಎರಡನೇ ಮಾತನ್ನು ಸುದ್ದಿಯವರು ಹೆಚ್ಚಾಗಿ ಬಿಟ್ಟುಬಿಡುತ್ತಾರೆ.

ನಡಿಗೆ ಸರಿಯಾಗಿ ಇದು ಮಾತ್ರ ಯಾಕೆ ಉಳಿಯಿತು ಎಂದು ನೀವು ಕೇಳಿಲ್ಲ, ಆದರೆ ಕೇಳಬೇಕಾದ ಪ್ರಶ್ನೆ. ಕಿರುಮೆದುಳಿಗೆ ಒಂದೊಂದು ಬದಿಯಲ್ಲಿ ಮೂರು ಮುಖ್ಯ ರಕ್ತನಾಳಗಳು. ಕೈಕಾಲಿನ ಕೆಲಸ ಹೆಚ್ಚಾಗಿ ಮುಂಭಾಗದಲ್ಲಿ, ಯೋಚನೆ ಮತ್ತು ಜನರ ವಿಷಯ ಹೆಚ್ಚಾಗಿ ಹಿಂಭಾಗದಲ್ಲಿ. ಯಾವ ನಾಳ ಕಟ್ಟಿತು ಎನ್ನುವುದರ ಮೇಲೆ ತೊಂದರೆ ಬದಲಾಗುತ್ತದೆ. ಹಿಂಭಾಗಕ್ಕೆ ಮಾತ್ರ ಸ್ಟ್ರೋಕ್ ಆದ ಕೆಲವರಲ್ಲಿ ಕೈಕಾಲಿನ ತೊಂದರೆ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ಅಮೆರಿಕದ ನರರೋಗ ತಜ್ಞ ಜೆರೆಮಿ ಶ್ಮಾಮನ್ ಮತ್ತು ಜಾನೆಟ್ ಶೆರ್ಮನ್ 1998ರಲ್ಲಿ ಕಿರುಮೆದುಳಿನ ಕಾಯಿಲೆ ಇದ್ದ 20 ಜನರ ಬಗ್ಗೆ ಬರೆದರು. ಯೋಜನೆ ಹಾಕುವುದು, ಪದ ಹುಡುಕುವುದು ಕಷ್ಟ, ಭಾವನೆ ಮಂಕು, ಕೆಲವರಲ್ಲಿ ಜಾಗ ನೋಡದೆ ಆಡುವ ಮಾತು. ಹಿಂಭಾಗದಲ್ಲಿ ಹಾನಿಯಾದವರಲ್ಲಿ ಇದು ಜಾಸ್ತಿ. ಈ ಲಕ್ಷಣಗಳ ಗುಂಪಿಗೆ ಈಗ ಶ್ಮಾಮನ್ ಸಿಂಡ್ರೋಮ್ ಎಂದೂ ಕರೆಯುತ್ತಾರೆ. ಕೈ ಗುರಿ ದಾಟುವ ಹಾಗೆ ಯೋಚನೆಯೂ ಗುರಿ ದಾಟುತ್ತದೆ ಎಂಬುದು ಅವರ ವಿವರಣೆ. ಸಾವಿನ ಮನೆಯ ಜಾಗದ ರೇಟಿನ ಪ್ರಶ್ನೆ ನನಗೆ ಹಾಗೇ ಕಾಣುತ್ತದೆ.

ಹಾಗಂತ ಎಲ್ಲವನ್ನೂ ಕಿರುಮೆದುಳಿನ ತಲೆಗೆ ಕಟ್ಟಬೇಡಿ. ಸ್ಟ್ರೋಕ್ ಆದ ಮೇಲೆ ಡಿಪ್ರೆಶನ್ ಬರುವುದು ಬಹಳ ಸಾಮಾನ್ಯ, ಗಂಡಸರಲ್ಲಿ ಅದು ಕೆಲವೊಮ್ಮೆ ಅಳುವಾಗಿ ಅಲ್ಲ, ಸಿಟ್ಟಾಗಿ ಕಾಣುತ್ತದೆ. ಅದಕ್ಕೆ ಮದ್ದು ಉಂಟು. ಕಿವಿ ಪರೀಕ್ಷೆ ಮಾಡಿಸಿ. 63ಕ್ಕೆ ಕಿವಿ ಮಂದವಾಗುವುದು ಹೊಸದಲ್ಲ, ಗಿರಾಕಿಯ ಮೆಲುದನಿ ಕೇಳದಿದ್ದರೆ ಯಾವ ಕಿರುಮೆದುಳೂ ಸಹಾಯ ಮಾಡುವುದಿಲ್ಲ. ನಿದ್ರೆ ಸರಿ ಇದೆಯಾ, ಈಗ ತೆಗೆದುಕೊಳ್ಳುವ ಮಾತ್ರೆಗಳಲ್ಲಿ ಮಂಪರು ತರುವುದು ಇದೆಯಾ, ನೋಡಿಸಿ. ಮುಖ್ಯವಾಗಿ, ಈ ಬದಲಾವಣೆ ಸ್ಟ್ರೋಕ್ ಜೊತೆ ಶುರುವಾಯಿತಾ, ಅಥವಾ ಮೊದಲೇ ಇದ್ದು ತಿಂಗಳಿಂದ ತಿಂಗಳಿಗೆ ಹೆಚ್ಚುತ್ತಾ ಇದೆಯಾ? ಹೆಚ್ಚುತ್ತಾ ಹೋಗುತ್ತಿದ್ದರೆ ಅದು ಬೇರೆ ಕಾಯಿಲೆಯ ಸೂಚನೆ, ತಡ ಮಾಡದೆ ನ್ಯೂರಾಲಜಿಸ್ಟರನ್ನು ಕಾಣಿ. ಮತ್ತೆ ದಿಢೀರ್ ತಲೆಸುತ್ತು, ವಾಂತಿ, ಜೋರು ತಲೆನೋವು, ನಿಲ್ಲಲು ಆಗದಿರುವುದು ಬಂದರೆ ಮಲಗಿಸಿ ನೋಡೋಣ ಎನ್ನಬೇಡಿ. 108ಕ್ಕೆ ಫೋನ್ ಮಾಡಿ.

ಎಂಆರ್‌ಐ ಫಿಲ್ಮು ಅಥವಾ ಸಿಡಿ ತೆಗೆದುಕೊಂಡು ಹೋಗಿ, ಪೆಟ್ಟು ಹಿಂಭಾಗದಲ್ಲಿ ಇದೆಯಾ ಎಂದು ನೇರವಾಗಿ ಕೇಳಿ. ಮಂಗಳೂರು, ಮಣಿಪಾಲದ ದೊಡ್ಡ ಆಸ್ಪತ್ರೆಗಳಲ್ಲಿ ಕ್ಲಿನಿಕಲ್ ಸೈಕಾಲಜಿಸ್ಟ್ ಇರುತ್ತಾರೆ. 2018ರಲ್ಲಿ ಬಂದ ಶ್ಮಾಮನ್ ಸ್ಕೇಲ್ ಎಂಬ ಚಿಕ್ಕ ಪರೀಕ್ಷೆ ಇದೆ, ಸುಮಾರು ಹತ್ತು ನಿಮಿಷದ್ದು. ಕಥೆಯಲ್ಲಿ ಯಾರು ತಮಗೇ ಗೊತ್ತಿಲ್ಲದೆ ಯಾರಿಗೆ ನೋವು ಮಾಡಿದರು ಎಂದು ಗುರುತಿಸುವ ಕಥೆಯ ಪರೀಕ್ಷೆಗಳೂ ಇವೆ. ಅಪ್ಪ ದಿನವೂ ಮಾತಾಡುವ ಭಾಷೆಯಲ್ಲಿ, ಕನ್ನಡವೋ ತುಳುವೋ, ಮಾಡಿಸಿ. ಇಂಗ್ಲಿಷ್ ಕಥೆ ಕೊಟ್ಟು ಕಾಪುವಿನ ಅಂಗಡಿಯವರನ್ನು ಫೇಲ್ ಮಾಡುವುದರಲ್ಲಿ ಅರ್ಥವಿಲ್ಲ. ಇದಕ್ಕೆಂದೇ ಮಾತ್ರೆ ಇಲ್ಲ. ತಲೆಯ ಹೊರಗಿನಿಂದ ಕಿರುಮೆದುಳಿಗೆ ಅಯಸ್ಕಾಂತದ ಅಥವಾ ಸಣ್ಣ ಕರೆಂಟಿನ ಪ್ರಚೋದನೆ ಕೊಡುವುದು ಇನ್ನೂ ಸಂಶೋಧನೆಯ ಮಟ್ಟದಲ್ಲಿದೆ. ಖಚಿತ ಗುಣ ಎಂದು ಯಾರಾದರೂ ದುಡ್ಡು ಕೇಳಿದರೆ ಕೊಡಬೇಡಿ.

ಅಂಗಡಿಯಲ್ಲಿ ಕೂರಿಸಬಹುದಾ? ಕೂರಿಸಲೇಬೇಕು ಎನ್ನುತ್ತೇನೆ. ತಪ್ಪಿನಿಂದ ಕಲಿಯುವ ಅಂಗ ಇದು. ಮನೆಯ ಜಗಲಿಯಲ್ಲಿ ಒಬ್ಬರೇ ಕೂತರೆ ತಪ್ಪೂ ಆಗುವುದಿಲ್ಲ, ಕಲಿಕೆಯೂ ಆಗುವುದಿಲ್ಲ. ಸ್ಟ್ರೋಕ್ ಆದ ಮೊದಲ ತಿಂಗಳುಗಳಲ್ಲಿ ಸುಧಾರಣೆ ಹೆಚ್ಚು, ಆದರೆ ಆಮೇಲೆ ನಿಂತೇಹೋಗುತ್ತದೆ ಎಂದಲ್ಲ. ಸಂಜೆ ರಶ್ಶಿನ ಹೊತ್ತು ಅಣ್ಣ ನೋಡಿಕೊಳ್ಳಲಿ. ಬೆಳಿಗ್ಗೆ ಹತ್ತರಿಂದ ಹನ್ನೆರಡು, ಒಬ್ಬೊಬ್ಬರೇ ಬರುವ ಹೊತ್ತು, ಅಪ್ಪನಿಗೆ ಬಿಡಿ. ತೂಕ ಮಾಡುವುದು, ಬರೆಯುವುದು ಬೇರೆಯವರಿಗಿರಲಿ, ಅಪ್ಪ ಮಾತಾಡಲಿ. ಒಂದು ಅಭ್ಯಾಸ ಕಲಿಸಿ: ಏನಾದರೂ ಕೇಳುವ ಮುಂಚೆ ಒಂದು ಉಸಿರು, ಮತ್ತೆ "ಬರೆದುಕೊಳ್ಳಲಾ?" ಎಂಬ ಒಂದೇ ಪ್ರಶ್ನೆ. ದುಡ್ಡು ಇದ್ದವರು ಬೇಡ ಎನ್ನುತ್ತಾರೆ, ಇಲ್ಲದವರ ಮಾನ ಉಳಿಯುತ್ತದೆ. ಮೊದಲು ತಾನಾಗಿ ಆಗುತ್ತಿದ್ದುದಕ್ಕೆ ಈಗ ಒಂದು ನಿಯಮ ಹಾಕಿಕೊಟ್ಟ ಹಾಗೆ. ಮದುವೆಗೋ ಸಾವಿನ ಮನೆಗೋ ಹೋಗುವ ಮುಂಚೆ ದಾರಿಯಲ್ಲೇ ಹೇಳಿ: ಯಾರು ಇರುತ್ತಾರೆ, ಏನಾಗಿದೆ, ಎಷ್ಟು ಹೊತ್ತು ಕೂರುವುದು. ಮುಂದಿನದ್ದು ಮೊದಲೇ ಗೊತ್ತಿದ್ದರೆ ಊಹಿಸುವ ಭಾರ ಅಷ್ಟು ಕಡಿಮೆ. ತಪ್ಪಾದರೆ ಅಲ್ಲೇ ಗದರಬೇಡಿ. ಆದರೆ ನಾಳೆಗೂ ಬಿಡಬೇಡಿ, ಗಿರಾಕಿ ಹೋದ ಕೂಡಲೇ ಎರಡು ಮಾತಲ್ಲಿ ಹೇಳಿ. ರಾತ್ರಿ ಊಟಕ್ಕೆ ಕಾಯುವುದಕ್ಕಿಂತ ಆಗಲೇ ಹೇಳುವುದು ಕಲಿಕೆಗೆ ಒಳ್ಳೆಯದು.

ಅಪ್ಪನಿಗೆ ಹೇಳಬೇಕಾ ಎಂದು ಕೇಳಿದ್ದೀರಿ. ಹೇಳಿ. ಅವರಿಗೆ ಗೊತ್ತಿಲ್ಲ ಎಂದುಕೊಂಡಿದ್ದೀರಾ? ಗಿರಾಕಿಗಳ ಮುಖ ಬದಲಾಗುವುದನ್ನು ಅವರೂ ನೋಡುತ್ತಿದ್ದಾರೆ, ಯಾಕೆ ಅಂತ ತಿಳಿಯುತ್ತಿಲ್ಲ. ಡಾಕ್ಟರ ಹತ್ತಿರ ಹೋಗುವಾಗ ಅವರನ್ನು ಹೊರಗೆ ಕೂರಿಸಿ ನೀವು ಒಳಗೆ ಮಾತಾಡಬೇಡಿ. ಸ್ಕ್ಯಾನಿನ ಚಿತ್ರ ಅವರಿಗೇ ತೋರಿಸಿ ಎನ್ನಿ. ಅಣ್ಣನನ್ನೂ ಕರೆದುಕೊಂಡು ಹೋಗಿ, ಅಂಗಡಿ ಅರ್ಧ ದಿನ ಮುಚ್ಚಿದರೆ ಪರವಾಗಿಲ್ಲ.